ಹೊರೆಗಲ್ಲು ಚರಂಡಿಯಲ್ಲಿ ಬಿದ್ದಿದೆ: ಪ್ರವಾಸೋದ್ಯಮದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕಾಸರಗೋಡು ಜಿಲ್ಲೆಯ ಪ್ರವಾಸೋದ್ಯಮದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ

ಮಾನ್ಯರೇ,

ನಾನು ಕುಂಬಳೆ ಸೀಮೆಯವನು. ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ಮಾಷ್ಟ್ರು. ಇಂಥ ಪತ್ರ ಬರೆಯುವ ಚಟ ನನಗಿಲ್ಲ. ಕಳೆದ ಡಿಸೆಂಬರಿನಲ್ಲಿ ನಡೆದ ಒಂದೆರಡು ಸಂಗತಿಗಳು ಮನಸ್ಸಿನಲ್ಲೇ ಕೊರೆಯುತ್ತಿವೆ. ಗೈಡುಗಳಿಗೆ ಕಲಿಸುವ ಪ್ರವಾಸದ ಚರಿತ್ರೆಯಲ್ಲಿ ನಮ್ಮ ದಾರಿಗಳಿಗೆ ಜಾಗವಿಲ್ಲ, ದಾರಿಹೋಕರು ಹೊರೆ ಇಳಿಸುತ್ತಿದ್ದ ಹೊರೆಗಲ್ಲು ಚರಂಡಿ ಸೇರಿದೆ. ಅದಕ್ಕಾಗಿ ತಮ್ಮ ಸಮಯ ಕೇಳುತ್ತಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ರವಾಸಿ ಗೈಡ್ ಆಗುವ ತರಬೇತಿಗೆ ಸೇರಿದ್ದಾಳೆ. ಒಂದು ಸಂಜೆ ನಮ್ಮ ಜಗಲಿಗೆ ಬಂದು ಹದಿನೆಂಟು ಪುಟದ ಜೆರಾಕ್ಸ್ ಟಿಪ್ಪಣಿಯೊಂದನ್ನು ನನ್ನ ಕೈಗಿಟ್ಟಳು. "ಮಾಷ್ಟ್ರೇ, ಪರೀಕ್ಷೆಗೆ ಇದನ್ನೇ ಬರೆಯಬೇಕಂತೆ. ಒಮ್ಮೆ ನೋಡಿ ಹೇಳ್ತೀರಾ?" ಎಂದಳು. ಪ್ರಾಚೀನ ಕಾಲದಿಂದ ಇಂದಿನವರೆಗಿನ ಪ್ರವಾಸೋದ್ಯಮದ ಬೆಳವಣಿಗೆ, ಅದು ವಿಷಯ. ತರಬೇತಿ ಯಾರದೆಂದು ಹೆಸರಿಸುವುದಿಲ್ಲ, ಕಲಿಸುವವರ ಮೇಲೆ ನನಗೆ ದ್ವೇಷವಿಲ್ಲ. ಟಿಪ್ಪಣಿಯಲ್ಲಿ ರೋಮನರ ರಸ್ತೆ ಇತ್ತು. ಇಂಗ್ಲೆಂಡಿನ ಸಿರಿವಂತರ ಮಕ್ಕಳು ವಿದ್ಯೆ ಮುಗಿಸಿ ಇಟಲಿ ನೋಡಲು ಹೋಗುತ್ತಿದ್ದ ವಿಚಾರ ಇತ್ತು. ಥಾಮಸ್ ಕುಕ್ ಇದ್ದ. ಆಮೇಲೆ ವಿಮಾನ, ಆಮೇಲೆ ರೆಸಾರ್ಟ್. ನಮ್ಮ ಜಿಲ್ಲೆಗೆ ಸಿಕ್ಕಿದ್ದು ಕೊನೆಯ ಪುಟದ ನಾಲ್ಕು ಸಾಲು: ಭಾರತ ಸರಕಾರ ಬೇಕಲವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ವಲಯವೆಂದು ಘೋಷಿಸಿತು, 1995ರಲ್ಲಿ ಅದಕ್ಕೊಂದು ನಿಗಮ ಬಂತು, ಇತ್ಯಾದಿ.

ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಓದಿ ಪಾಸಾಗುವ ಹುಡುಗಿ, 1992ಕ್ಕೆ ಮೊದಲು ಈ ಕರಾವಳಿಗೆ ಕಾಗೆಯೊಂದನ್ನು ಬಿಟ್ಟರೆ ಬೇರಾರೂ ಬರಲಿಲ್ಲ ಎಂದುಕೊಂಡರೆ ತಪ್ಪು ಅವಳದಲ್ಲ.

ಥಾಮಸ್ ಕುಕ್‌ನ ಬಗ್ಗೆ ನನಗೆ ಗೌರವವಿದೆ. 1841ರ ಜುಲೈ 5ರಂದು ಅವನು ಸುಮಾರು ಐನೂರು ಜನರನ್ನು ರೈಲಿಗೆ ಹತ್ತಿಸಿ ಲೆಸ್ಟರಿನಿಂದ ಲಾಫ್‌ಬರೋಗೆ ಕರೆದೊಯ್ದ. ತಲೆಗೆ ಒಂದು ಶಿಲಿಂಗ್. ದೂರ ಹನ್ನೊಂದು ಮೈಲಿ, ಹೆಚ್ಚುಕಡಿಮೆ ಮಂಜೇಶ್ವರದಿಂದ ಕುಂಬಳೆಗೆ ಹೋದಷ್ಟು. ಹೋದದ್ದು ಮದ್ಯಪಾನದ ವಿರುದ್ಧದ ಸಭೆಗೆ. (ಇಂದಿನ ಪ್ಯಾಕೇಜ್ ಟೂರುಗಳ ಮೂಲಪುರುಷ ಪಾನನಿರೋಧದವನು ಎಂದು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ನಗು ಕೇಳಿಬರುತ್ತಿತ್ತು.) ಟಿಕೇಟು, ಗುಂಪು, ಮೊದಲೇ ಗೊತ್ತುಮಾಡಿದ ದರ, ಇವೆಲ್ಲ ಅವನಿಂದ ಬೆಳೆದವು, ನಿಜ. ಆದರೆ ಮನೆ ಬಿಟ್ಟು ಹೊರಟವನಿಗೆ ಮೊದಲು ಬೇಕಾದದ್ದು ಟಿಕೇಟಲ್ಲ. ನೆರಳು, ನೀರು, ಹೊರೆ ಇಳಿಸಲು ಒಂದು ಜಾಗ, ರಾತ್ರಿ ಮಲಗಲು ಒಂದು ಚಾವಡಿ. ಈ ಕಡೆಯಿಂದ ಹೊರಟರೆ ಅದೇ ಚರಿತ್ರೆ ಬೇರೆ ಥರ ಕಾಣುತ್ತದೆ, ನಮ್ಮ ಊರುಗಳೂ ಅದರೊಳಗೆ ಬರುತ್ತವೆ.

ಅಶೋಕನಿಂದಲೇ ಶುರುಮಾಡಬಹುದು. ಹಿಂದಿನ ಅರಸರು ಬೇಟೆಗೂ ವಿನೋದಕ್ಕೂ ವಿಹಾರಯಾತ್ರೆ ಹೋಗುತ್ತಿದ್ದರು, ತಾನು ಅದರ ಬದಲು ಧರ್ಮಯಾತ್ರೆ ಹೊರಟೆ ಎಂದು ಅವನು ಎಂಟನೆಯ ಬಂಡೆಶಾಸನದಲ್ಲಿ ಬರೆಸಿದ್ದಾನೆ. ಮೋಜಿನ ಪ್ರವಾಸ ಬೇರೆ, ಅರ್ಥವಿರುವ ಪ್ರವಾಸ ಬೇರೆ ಎಂದು ನಾವು ಈಗ ಸೆಮಿನಾರು ನಡೆಸಿ ಹೇಳುವುದನ್ನು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೊರೆದಾಗಿದೆ. ಏಳನೆಯ ಸ್ತಂಭಶಾಸನದಲ್ಲಿ ಇನ್ನೂ ಲೌಕಿಕದ ಮಾತಿದೆ: ದಾರಿಯುದ್ದಕ್ಕೂ ಆಲದ ಮರ ನೆಡಿಸಿದೆ, ಮಾವಿನ ತೋಪು ಮಾಡಿಸಿದೆ, ಎಂಟೆಂಟು ಕ್ರೋಶಕ್ಕೆ ಬಾವಿ ತೋಡಿಸಿದೆ, ತಂಗುವ ಮನೆ ಕಟ್ಟಿಸಿದೆ.

ಇದೆಲ್ಲ ದೂರದ ಪಾಟಲಿಪುತ್ರದ ಮಾತು ಎನ್ನುವವರಿಗೆ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಇದ್ದಾನೆ. 1342ರ ಸುಮಾರಿಗೆ ಅವನು ಮಂಗಳೂರಿನಲ್ಲಿ ಇಳಿದು, ಮತ್ತೆ ಹಡಗು ಹತ್ತಿ ದಕ್ಷಿಣಕ್ಕೆ, ಕಣ್ಣೂರು ಕಡೆಯ ಏಳಿಮಲೆಗೆ ಹೋದ. ನಮ್ಮ ಜಿಲ್ಲೆಯ ಕರಾವಳಿ ಅವನ ಎಡಗಡೆಗೆ ಸರಿದುಹೋಗಿರಬೇಕು. ಆದರೆ ಗೋವೆಯಿಂದ ಕೊಲ್ಲಂವರೆಗಿನ ಎರಡು ತಿಂಗಳ ನೆಲದಾರಿಯ ಬಗ್ಗೆ ಅವನು ಬರೆದಿಟ್ಟದ್ದನ್ನು ಓದಿದರೆ ಮೈ ಜುಂ ಎನ್ನುತ್ತದೆ. ದಾರಿಯೆಲ್ಲ ಮರದ ನೆರಳು. ಅರ್ಧರ್ಧ ಮೈಲಿಗೆ ಒಂದು ಮರದ ಮನೆ, ಅದರಲ್ಲಿ ಯಾವ ಜಾತಿ ಮತದವನಾದರೂ ಕುಳಿತುಕೊಳ್ಳಬಹುದಾದ ಜಗಲಿ. ಪ್ರತಿಯೊಂದರ ಬಳಿಯೂ ಬಾವಿ, ನೀರು ಕೊಡಲು ಒಬ್ಬ ಆಳು. ಪ್ರಾಣಿಗಳ ಮೇಲೆ ಯಾರೂ ಹೋಗುವುದಿಲ್ಲ, ಸರಕೆಲ್ಲ ಮನುಷ್ಯರ ಬೆನ್ನ ಮೇಲೆ. ನೀರು ಕೊಡುವಾಗ ಒಬ್ಬರಿಗೆ ಪಾತ್ರೆಯಲ್ಲಿ, ಇನ್ನೊಬ್ಬರಿಗೆ ಬೊಗಸೆಗೆ ಎಂಬ ಭೇದವಿತ್ತೆಂದೂ ಅವನೇ ಹೇಳುತ್ತಾನೆ. ನಾನದನ್ನು ಮುಚ್ಚಿಡುವುದಿಲ್ಲ, ಗೈಡುಗಳೂ ಮುಚ್ಚಿಡಬಾರದು. ಆದರೂ, ನೀರು ಇಲ್ಲ ಎಂದು ಯಾರನ್ನೂ ಕಳಿಸಿದ್ದಿಲ್ಲ.

ನಾವಿದಕ್ಕೆ ಅರವಟ್ಟಿಗೆ ಎನ್ನುತ್ತೇವೆ. ನಮ್ಮ ಸೀಮೆಯಲ್ಲಿ ಇಂದಿಗೂ ಅಪರಿಚಿತ ಜಗಲಿ ಹತ್ತಿದರೆ ಹೆಸರು ಕೇಳುವ ಮೊದಲು "ಆಸರಿಂಗೆ ಎಂತ ಬೇಕು?" (ಬಾಯಾರಿಕೆಗೆ ಏನು ಬೇಕು?) ಎಂದು ಕೇಳುವ ಮನೆಗಳಿವೆ. ಒಂದು ಚೊಂಬು ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಬಿಸಿಲು ಜಾಸ್ತಿಯಿದ್ದರೆ ಮಜ್ಜಿಗೆ. ಎಲ್ಲಿಂದ ಬಂದಿರಿ, ಯಾರ ಪೈಕಿ ಎಂಬುದೆಲ್ಲ ಆಮೇಲೆ. ಆತಿಥ್ಯೋದ್ಯಮ ಎಂಬ ಘನವಾದ ಶಬ್ದವನ್ನು ಟಿಪ್ಪಣಿಯಲ್ಲಿ ಏಳು ಕಡೆ ಕಂಡೆ. ಬೆಲ್ಲ ನೀರು ಒಂದು ಕಡೆಯೂ ಇರಲಿಲ್ಲ.

ಇನ್ನು ಹೊರೆಗಲ್ಲು. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡಗಲ್ಲು. ಎತ್ತರ ಸುಮಾರಾಗಿ ನಡೆಯುವವನ ಭುಜದ ಮಟ್ಟಕ್ಕೆ. ಮೂಟೆ ಹೊತ್ತವನು ಇನ್ನೊಬ್ಬರ ಸಹಾಯವಿಲ್ಲದೆ ಕತ್ತು ಬಾಗಿಸಿ ಹೊರೆಯನ್ನು ಕಲ್ಲಿನ ಮೇಲೆ ಜಾರಿಸಬಹುದು, ದಣಿವಾರಿಸಿಕೊಂಡು ಹಾಗೆಯೇ ತಲೆಗೆ ಎಳೆದುಕೊಳ್ಳಬಹುದು. ದಕ್ಷಿಣದ ಹಲವು ಕಡೆ ಇದನ್ನು ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಂಗಸರ ನೆನಪಿಗೆ ನಿಲ್ಲಿಸುತ್ತಿದ್ದರು. ಹೊರೆ ಇಳಿಸಲಾಗದೆ ಹೋದವಳ ಹೆಸರಿನಲ್ಲಿ ದಾರಿಹೋಕರು ಹೊರೆ ಇಳಿಸಲಿ ಎಂದು.

ನಮ್ಮೂರ ದಾರಿಯಲ್ಲೂ ಒಂದಿತ್ತು. ಅಕ್ಕಿಮೂಟೆಯವರು, ಮೀನಿನ ಬುಟ್ಟಿಯವರು, ಮೇಳದ ಪೆಟ್ಟಿಗೆ ಹೊರುವವರು ಅದಕ್ಕೆ ಒರಗಿ ನಿಂತದ್ದನ್ನು ನನ್ನ ಅಜ್ಜ ಕಂಡಿದ್ದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸುತ್ತ ಊರಿಂದೂರಿಗೆ ಆಟ ನಡೆದು ಹೋದದ್ದು ಹೀಗೆ ಹೊತ್ತವರ ತಲೆಯ ಮೇಲೆ. ಹೆದ್ದಾರಿ ಅಗಲವಾಗುವಾಗ ಆ ಕಲ್ಲು ಕಿತ್ತುಬಂತು. ಈಗ ಅಡ್ಡಗಲ್ಲು ಚರಂಡಿಯ ಮೇಲೆ ಹಲಗೆಯಂತೆ ಬಿದ್ದಿದೆ, ಅದರ ಮೇಲೆ ಬೈಕು ದಾಟಿಸುತ್ತಾರೆ. ನಿಂತಿದ್ದ ಎರಡರಲ್ಲಿ ಒಂದು ಮಣ್ಣಿನಡಿ ಹೋಗಿದೆ. ಇನ್ನೊಂದಕ್ಕೆ ಗೂಡಂಗಡಿಯವನು ಟರ್ಪಾಲಿನ ಹಗ್ಗ ಕಟ್ಟಿದ್ದಾನೆ. ಅವನನ್ನು ದೂರುವಂತಿಲ್ಲ, ಕಲ್ಲಿಗೆ ಈಗಲೂ ಕೆಲಸ ಕೊಟ್ಟವನು ಅವನೊಬ್ಬನೇ.

ಈ ವಿಚಾರವಾಗಿ ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದೆ. ನಾಲ್ಕು ತಿಂಗಳ ಮೇಲೆ ಮಲಯಾಳದಲ್ಲಿ ಐದು ಸಾಲಿನ ಉತ್ತರ ಬಂತು. ಮಲಯಾಳ ನನಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಕಡೆ ನನ್ನ ವಯಸ್ಸಿನ ಅನೇಕರ ಗತಿ ಇದೇ. ಪಕ್ಕದ ಮನೆಯ ಇಚ್ಚ ಕನ್ನಡಕ ಹಾಕಿಕೊಂಡು ಓದಿ ಹೇಳಿದರು: ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲ. "ಅಷ್ಟು ಹೇಳ್ಲಿಕ್ಕೆ ಐದು ಸಾಲು ಎಂತಕ್ಕೆ ಮಾಷ್ಟ್ರೇ?" ಎಂದು ಅವರೇ ನಕ್ಕರು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೂ ತಮಿಳರಿಗೂ ಅವರವರ ಭಾಷೆಯಲ್ಲಿ ಸರಕಾರದೊಂದಿಗೆ ಪತ್ರ ವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ತಮಗೆ ಗೊತ್ತಿಲ್ಲದ್ದೇನಲ್ಲ.

ಬೇಕಲದ ವಿಚಾರಕ್ಕೆ ಬರುತ್ತೇನೆ. ಆ ಹುಡುಗಿಗೆ ಪಾಠ ಕೋಟೆಯ ಮೇಲೆಯೇ ಆಗಲಿ ಎಂದು ಒಂದು ಭಾನುವಾರ ಕರೆದುಕೊಂಡು ಹೋದೆ. ಸುಮಾರು ನಲವತ್ತು ಎಕರೆ ಮುರಕಲ್ಲಿನ ಕೋಟೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಆಮೇಲೆ ಹೈದರಾಲಿ, ಟಿಪ್ಪು, 1799ರಲ್ಲಿ ಇಂಗ್ಲಿಷರು. ಮುಂದೆ ದಕ್ಷಿಣ ಕನ್ನಡದ ಬೇಕಲ ತಾಲೂಕಿಗೆ ಹೆಸರು ಕೊಟ್ಟದ್ದು ಇದೇ ಊರು. ಗೋಡೆಯಲ್ಲಿರುವ ತೂತುಗಳನ್ನು ಅವಳಿಗೆ ತೋರಿಸಿದೆ. ಮೇಲಿನದರಲ್ಲಿ ಕಣ್ಣಿಟ್ಟರೆ ದೂರದ ಕಡಲು, ಅದರ ಕೆಳಗಿನದರಲ್ಲಿ ಹತ್ತಿರದ ದಡ, ತೀರಾ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಹತ್ತಿರ ಬಂದಂತೆ ಬಂದೂಕು ಒಂದೊಂದೇ ತೂತು ಇಳಿಯುತ್ತದೆ. ಅವಳು ಮೂರಕ್ಕೂ ಕಣ್ಣಿಟ್ಟು ನೋಡಿ, "ಇದು ಟಿಪ್ಪಣಿಯಲ್ಲಿ ಇಲ್ಲವಲ್ಲ ಮಾಷ್ಟ್ರೇ" ಎಂದಳು.

ಪಕ್ಕದಲ್ಲಿ ಒಂದು ಸಂಸಾರ ಫೋಟೋ ತೆಗೆಸಿಕೊಳ್ಳುತ್ತಿತ್ತು. ಕನ್ನಡ ಕೇಳಿ ಮಾತಿಗೆ ಬಂದರು. ಸಾಗರದ ಕಡೆಯವರು, ಧರ್ಮಸ್ಥಳಕ್ಕೆ ಬಂದವರು ಹಾಗೇ ಈ ಕಡೆ ಇಳಿದಿದ್ದಾರೆ. ತೊಂಬತ್ತರ ದಶಕದ ಸಿನಿಮಾ ಹಾಡೊಂದರಲ್ಲಿ ಈ ಕೋಟೆ ನೋಡಿದ್ದು ಬಿಟ್ಟರೆ ಬೇರೇನೂ ಗೊತ್ತಿಲ್ಲ. "ಯಾರು ಸರ್ ಕಟ್ಟಿಸಿದ್ದು ಇದನ್ನ?" ಎಂದು ಆ ಮನುಷ್ಯ ಕೇಳಿದರು. ಸಾಗರದಿಂದ ಕೆಳದಿ ಎಷ್ಟು ದೂರ ಎಂದು ನಾನೇ ತಿರುಗಿ ಕೇಳಿದೆ. ಅವರು ಒಂದು ಕ್ಷಣ ತಡೆದು, ಮೆಟ್ಟಿಲ ಮೇಲೆ ಕುಳಿತಿದ್ದ ವೃದ್ಧೆಯ ಕಡೆ ತಿರುಗಿ, "ಅಮ್ಮಾ, ಇದು ನಮ್ಮ ಶಿಸ್ತಿನ ಶಿವಪ್ಪ ನಾಯಕಂದಂತೆ!" ಎಂದು ಕೂಗಿದರು. ಆಕೆ ಎದ್ದು ಬಂದರು. ಗೋಡೆಯನ್ನು ಕೈಯಿಂದ ಸವರಿದರು. "ಇಷ್ಟು ದೂರ ಬಂದಿದ್ನಾ ಪುಣ್ಯಾತ್ಮ" ಎಂದರು. ಅವರು ಇನ್ನೂ ಒಂದು ಗಂಟೆ ಅಲ್ಲಿಯೇ ಇದ್ದರು. ಚಂದ್ರಗಿರಿ ಕೋಟೆಯೂ ಕೆಳದಿಯವರದೇ ಎಂದು ತಿಳಿದು ದಾರಿ ಕೇಳಿ ಅದನ್ನೂ ನೋಡಲು ಹೊರಟರು. ರಾತ್ರಿ ಕಾಸರಗೋಡಿನಲ್ಲೇ ಉಳಿಯುವ ಮಾತಾಡುತ್ತಿದ್ದರು.

ಕೋಟೆಗೆ ಕರ್ನಾಟಕದ ಹಕ್ಕು ಕಟ್ಟಲು ನಾನು ಈ ಕಥೆ ಹೇಳುತ್ತಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ವಿಷಯ ಬಗೆಹರಿಸುವುದು ತಮ್ಮಿಂದಾಗುವ ಕೆಲಸವೂ ಅಲ್ಲ. ವ್ಯವಹಾರದ ದೃಷ್ಟಿಯಿಂದಲೇ ನೋಡಿ: ಅರ್ಧ ಗಂಟೆಯಲ್ಲಿ ಹೊರಡಬೇಕಿದ್ದ ಐದು ಜನ, ಒಂದು ಹೆಸರು ಅವರ ಭಾಷೆಯಲ್ಲಿ ಕಿವಿಗೆ ಬಿದ್ದದ್ದರಿಂದ ಒಂದು ದಿನ ನಿಂತರು.

ನಿಲ್ಲದೆ ಹೋಗುವವರು ಎಷ್ಟು ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ವೃಶ್ಚಿಕ ಮಾಸ ಹುಟ್ಟಿತೆಂದರೆ ಕರ್ನಾಟಕದ ಅಯ್ಯಪ್ಪ ವ್ರತಧಾರಿಗಳ ವಾಹನಗಳು ತಲಪಾಡಿಯಿಂದ ದಕ್ಷಿಣಕ್ಕೆ ಹೋಗುತ್ತವೆ. ವರ್ಷವಿಡೀ ಕೇರಳದ ಭಕ್ತರು ಕೊಲ್ಲೂರು ಮೂಕಾಂಬಿಕೆಗೆಂದು ಉತ್ತರಕ್ಕೆ ಹೋಗುತ್ತಾರೆ. ಎರಡು ದೊಡ್ಡ ಯಾತ್ರೆಗಳು ನಮ್ಮ ಅಂಗಳದಲ್ಲೇ ಒಂದನ್ನೊಂದು ಹಾದುಹೋಗುತ್ತವೆ, ನಮ್ಮಲ್ಲಿ ಇಳಿಯುವುದು ಡೀಸೆಲ್ ಹಾಕಿಸಲು ಮಾತ್ರ. ಮೊದಲು ಹೀಗಿರಲಿಲ್ಲ. ತಲಪಾಡಿಯಿಂದ ಬೇಕಲಕ್ಕೆ ನಡೆಯುವವನು ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಹೊಳೆಯ ಮೇಲೆ ಹೊಳೆ ದಾಟಬೇಕಿತ್ತು. ಪ್ರತಿ ಕಡವಿನಲ್ಲಿ ದೋಣಿಗೆ ಕಾಯಬೇಕು. ಕಾಯುವಲ್ಲಿ ಅಂಗಡಿ, ಅಂಗಡಿಯಿದ್ದಲ್ಲಿ ಮಾತು. 1907ರಲ್ಲಿ ರೈಲು ಮಂಗಳೂರು ಮುಟ್ಟಿತು, ಕಡವುಗಳ ಬಾಯಿ ಕಟ್ಟಿತು. ರೈಲನ್ನಾಗಲಿ ಆರು ಪಥದ ಹೆದ್ದಾರಿಯನ್ನಾಗಲಿ ಬೇಡವೆನ್ನುವ ದಡ್ಡ ನಾನಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗಲು ನನಗೂ ಅದೇ ದಾರಿ.

ನೋಡುವುದಕ್ಕೆಂದೇ ಬಂದವರೂ ಇಲ್ಲಿ ಹೊಸಬರಲ್ಲ. 1514ರ ಸುಮಾರಿಗೆ ಪೋರ್ಚುಗೀಸ ಬಾರ್ಬೋಸ ಕುಂಬಳೆಯಿಂದ ಮಾಲ್ದೀವಿಗೆ ಅಕ್ಕಿ ಹೋಗಿ ತೆಂಗಿನ ನಾರು ಬರುವುದನ್ನು ಬರೆದ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿ ನೋಡಿ, ಮಂಗಳೂರಿಗೆ ಬಂದು, ಉಳ್ಳಾಲದ ರಾಣಿಯನ್ನು ಕಂಡ. ರಾಣಿ ಬರಿಗಾಲಿನಲ್ಲಿ ನೀರಿನ ಕಾಲುವೆ ಕೆಲಸ ನೋಡಲು ನಡೆದುಹೋಗುತ್ತಿದ್ದಳು! ಅವನಿಗೆ ವ್ಯಾಪಾರವೂ ಇರಲಿಲ್ಲ, ಮತಪ್ರಚಾರವೂ ಇರಲಿಲ್ಲ. ಟೂರಿಸ್ಟ್ ಎಂಬ ಶಬ್ದ ಹುಟ್ಟುವ ಮೊದಲಿನ ಟೂರಿಸ್ಟ್ ಅವನು. ಟಿಪ್ಪು ಬಿದ್ದ ಮೇಲೆ ಕಂಪೆನಿಯವರು ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರ ಜನವರಿಯಲ್ಲಿ ನೀಲೇಶ್ವರ, ಬೇಕಲ, ಚಂದ್ರಗಿರಿ, ಮಂಜೇಶ್ವರ ಎಂದು ಇದೇ ದಾರಿ ಹಿಡಿದು ಮೇಲೆ ಹೋದ. ಅವನದು ನೋಟಕ್ಕಿಂತ ಲೆಕ್ಕ ಜಾಸ್ತಿ. ಆದರೂ ಯಾವ ಊರಿನಲ್ಲಿ ಏನು ಬೆಳೆಯುತ್ತದೆ ಎಂದು ಕೇಳುವ ತಾಳ್ಮೆ ಅವನಿಗಿತ್ತು, ಇಂದಿನ ಬಸ್ಸಿನವರಿಗೆ ಅದಿಲ್ಲ.

ದೇವರ ಹೆಸರಿನಲ್ಲಿ ಬಂದವರ ಲೆಕ್ಕ ಇನ್ನೂ ದೊಡ್ಡದು. ಮಧೂರು, ಅಡೂರು, ಕಣಿಪುರ, ಮುಜುಂಗಾವು ಎಂದು ಸೀಮೆಯ ನಾಲ್ಕು ದೇವಸ್ಥಾನ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಬೇಳದ ಇಗರ್ಜಿ, ಮಂಜೇಶ್ವರದ ಬಸದಿ. ಅನಂತಪುರದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ಕೊನೆಯ ದರ್ಶನಕ್ಕೆ ಜನ ಸಾಲುಗಟ್ಟಿದರು. ಯಾವ ಜಾಹೀರಾತೂ ಅವರನ್ನು ಕರೆತಂದದ್ದಲ್ಲ.

ಎಡನೀರಿನ ಮಾತು ಬಿಡಲಾರೆ. ಭೂಸುಧಾರಣೆಯ ವಿಚಾರದಲ್ಲಿ ಅಲ್ಲಿಯ ಮಠದ ಸ್ವಾಮಿಗಳು ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿ 68 ದಿನ ನಡೆಯಿತು. ಹದಿಮೂರು ನ್ಯಾಯಮೂರ್ತಿಗಳು, 1973ರ ಏಪ್ರಿಲ್ 24ರ ತೀರ್ಪು, ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟೂ ಕೆಡಿಸುವಂತಿಲ್ಲ ಎಂಬ ಮಾತು. ಕೇಶವಾನಂದ ಭಾರತಿ ಎಂಬ ಹೆಸರು ಓದದೆ ಈ ದೇಶದಲ್ಲಿ ಯಾರೂ ವಕೀಲರಾಗುವುದಿಲ್ಲ. ಆ ಸ್ವಾಮಿಗಳ ಊರಾದ ಎಡನೀರು ಕಾಸರಗೋಡು ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಎಂದು ಎಷ್ಟು ಲಾ ಕಾಲೇಜುಗಳಿಗೆ ಗೊತ್ತಿದೆ? 1949ರಲ್ಲಿ ಮೊದಲ ರಾಷ್ಟ್ರಕವಿಯಾದ ಗೋವಿಂದ ಪೈಗಳ ಮನೆ ಮಂಜೇಶ್ವರದಲ್ಲಿದೆ. ರೆಸಾರ್ಟಿನಲ್ಲಿ ಇಳಿದವರಿಗೆ ಇವೆರಡರಲ್ಲಿ ಒಂದನ್ನಾದರೂ ಹೇಳುವವರಿದ್ದಾರೆಯೇ?

ಬೈಯುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಾಷ್ಟ್ರಾಗಿದ್ದಾಗ ಇಪ್ಪತ್ತೆರಡು ಸಲ ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದೊಯ್ದೆ. ಬೇಲೂರು, ಹಳೇಬೀಡು, ಜೋಗ, ಮೈಸೂರು. ರಾತ್ರಿ ಹನ್ನೊಂದಕ್ಕೆ ಶಾಲೆಯ ಗೇಟಿನಿಂದ ಬಸ್ಸು ಹೊರಟರೆ ಅದರ ಮೂತಿ ಯಾವಾಗಲೂ ಉತ್ತರಕ್ಕೆ. ಬೇಕಲಕ್ಕೆ ಒಮ್ಮೆಯೂ ಕರೆದೊಯ್ಯಲಿಲ್ಲ, ಹತ್ತಿರದ್ದೇ ಅಲ್ಲವೇ ಎಂಬ ತಾತ್ಸಾರದಿಂದ. ಆ ಹುಡುಗಿ ಮೊನ್ನೆ ಅಲ್ಲಿಗೆ ಹೋದದ್ದೇ ಮೊದಲ ಸಲ ಎಂದು ಕೋಟೆಯ ಬಾಗಿಲಲ್ಲಿ ಗೊತ್ತಾದಾಗ ನನಗೆ ನಾಚಿಕೆಯಾಯಿತು.

ಈಗ ನನ್ನ ಬೇಡಿಕೆಗಳು. ಗೈಡುಗಳಿಗೆ ಕೊಡುವ ಪಾಠದಲ್ಲಿ ಈ ಕರಾವಳಿಯ ದಾರಿಯ ಚರಿತ್ರೆ ಸೇರಲಿ, ಕಡೆಯ ಪುಟದಲ್ಲಲ್ಲ, ಮೊದಲಿನಿಂದ. ಅದನ್ನು ಕನ್ನಡದಲ್ಲಿಯೂ ಅಚ್ಚು ಹಾಕಿಸಿ, ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ ಕೊಡಿ. ಕನ್ನಡ, ತುಳು, ಮಲಯಾಳ ಮೂರನ್ನೂ ಸಲೀಸಾಗಿ ಆಡುವ ಮಕ್ಕಳು ಈ ಜಿಲ್ಲೆಯಲ್ಲಿ ಬೀದಿಬೀದಿಗೆ ಸಿಗುತ್ತಾರೆ. ಇಂಥವರನ್ನು ಬೇರೆಡೆ ಸಂಬಳ ಕೊಟ್ಟು ಹುಡುಕಬೇಕು. ಕೋಟೆ, ಕಡಲತೀರ, ದೇವಸ್ಥಾನ, ಎಲ್ಲೇ ಹೊಸ ಫಲಕ ಹಾಕುವಾಗ ಕನ್ನಡದ ನಾಲ್ಕು ಸಾಲಿರಲಿ, ಕಟ್ಟಿಸಿದವನ ಹೆಸರಿರಲಿ. ಕಾಗುಣಿತ ನೋಡಿಕೊಡಲು ನಮ್ಮಂಥ ನಿವೃತ್ತರಿದ್ದೇವೆ, ಚಹಾ ಕೊಟ್ಟರೆ ಸಾಕು.

ಹಳೆಯ ದಾರಿಯಲ್ಲಿ ಉಳಿದಿರುವ ಹೊರೆಗಲ್ಲು, ಕಟ್ಟೆ, ಸಾರ್ವಜನಿಕ ಬಾವಿ, ಕಡವುಗಳನ್ನು ಒಮ್ಮೆ ನಡೆದು ಪಟ್ಟಿ ಮಾಡಿಸಿ. ಇದಕ್ಕೆ ಕೋಟಿ ರೂಪಾಯಿ ಬೇಡ, ಪ್ರತಿ ಪಂಚಾಯತಿನಲ್ಲಿ ಎರಡು ಭಾನುವಾರ ಮತ್ತು ಒಂದು ಕ್ಯಾಮೆರಾ ಸಾಕು. ಯಾತ್ರೆಯ ತಿಂಗಳುಗಳಲ್ಲಿ ಹೆದ್ದಾರಿ ಬದಿಯಲ್ಲಿ ನೆರಳು, ನೀರು, ಹೆಂಗಸರು ಮೂಗು ಮುಚ್ಚದೆ ಒಳಗೆ ಹೋಗಬಹುದಾದ ಶೌಚಾಲಯ ಇರುವ ತಾಣಗಳನ್ನು ಮಾಡಿಸಿ. ಅವಕ್ಕೆ ಅರವಟ್ಟಿಗೆ ಎಂದೇ ಹೆಸರಿಡಿ. ಸ್ವಸಹಾಯ ಸಂಘಗಳ ಕುಟುಂಬಶ್ರೀಯ ಹೆಂಗಸರಿಗೆ ವಹಿಸಿದರೆ ಬೆಲ್ಲ ನೀರಿನ ಜೊತೆ ನಾಲ್ಕು ನೀರುದೋಸೆಯೂ ಸಿಗುತ್ತದೆ, ಅವರಿಗೂ ಎರಡು ಕಾಸು. ದೊಡ್ಡ ಹೋಟೆಲಿನ ಕೋಣೆಗೆ ದುಡ್ಡು ಕೊಡಲಾಗದ, ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಬರುವವನೂ ತಮ್ಮ ಲೆಕ್ಕದಲ್ಲಿ ಪ್ರವಾಸಿಯೇ ಆಗಲಿ.

ಕೊನೆಯದಾಗಿ ಆ ಕಲ್ಲು. ವ್ಯಾಪ್ತಿ ಯಾರದೆಂದು ತಾವು ತಾವೇ ಕುಳಿತು ತೀರ್ಮಾನಿಸಿ. ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಮೊದಲು, ಯಾರಾದರೂ ಒಬ್ಬರು ಬಂದರೆ ಜಾಗ ತೋರಿಸುತ್ತೇನೆ. ಮಳೆ ಹಿಡಿದರೆ ಆ ಚರಂಡಿ ತುಂಬಿ ಕಲ್ಲು ಕಾಣುವುದಿಲ್ಲ. ಎಬ್ಬಿಸಿ ನಿಲ್ಲಿಸಲು ಊರಿನ ಹುಡುಗರು ಆರು ಜನ ತಯಾರಿದ್ದಾರೆ, ಇಚ್ಚ ತಮ್ಮ ಪಿಕಪ್ ಕೊಡುತ್ತೇನೆಂದಿದ್ದಾರೆ. ಗೂಡಂಗಡಿಯವನಿಗೆ ಹಗ್ಗ ಕಟ್ಟಲು ಒಂದು ಕಂಬ ಹುಗಿದುಕೊಡುವ ಮಾತೂ ಆಗಿದೆ. ನಮಗೆ ಬೇಕಾದದ್ದು ಒಂದು ಅನುಮತಿ ಪತ್ರ. ಅದು ಕನ್ನಡದಲ್ಲಿ ಬಂದರೆ ಇಚ್ಚರಿಗೆ ಕನ್ನಡಕ ಹುಡುಕುವ ಕೆಲಸ ತಪ್ಪುತ್ತದೆ.

ಇತಿ ತಮ್ಮ ವಿಶ್ವಾಸಿ,
ಕುಂಬಳೆ ಸೀಮೆಯ ಒಬ್ಬ ನಿವೃತ್ತ ಮಾಷ್ಟ್ರು